ಅಪ್ಪಯ್ಯನ ಕಂಪ್ಯೂಟರ್‌ಗೆ ಐಪಿ ಅಡ್ರೆಸ್ ಕೂರಿಸಿದ್ದು

ಹೋದ ಮೇ ತಿಂಗಳಲ್ಲಿ ಊರಲ್ಲಿ ಜೋರು ಗುಡುಗು ಸಿಡಿಲು ಬಂದ ದಿನ ನಮ್ಮನೆಗೆ ಇಂಟರ್ನೆಟ್ ಕೊಡೋ ಫೈಬರ್ ಬಾಕ್ಸ್ ಸುಟ್ಟು ಹೋಯ್ತು. ತೀರ್ಥಹಳ್ಳಿ ಕಡೆಯವರಿಗೆ ಇದೇನು ಹೊಸದಲ್ಲ, ಮುಂಗಾರಿಗೆ ಮುಂಚಿನ ಮಳೆ ಬಂತು ಅಂದ್ರೆ ಮೊದಲು ಟಿವಿ ಪ್ಲಗ್ ಕೀಳ್ತೀವಿ, ಅಂಗಳದಲ್ಲಿ ಹಾಕಿದ್ದನ್ನ ಒಳಗೆ ತರೋದು ಆಮೇಲೆ. ಫೈಬರ್ ಅಂದ್ರೆ ಗಾಜಿನ ಎಳೆ, ಅದರಲ್ಲಿ ಕರೆಂಟ್ ಹರಿಯಲ್ಲ, ಅದಕ್ಕೇನೂ ಆಗಲ್ಲ ಅಂತ ಅಪ್ಪಯ್ಯ ಅಂದ್ಕೊಂಡಿದ್ರು, ಎಳೆ ಮಟ್ಟಿಗೆ ಅದು ನಿಜಾನೇ, ಆದ್ರೆ ಬಾಕ್ಸಿನ ಅಡಾಪ್ಟರ್ ಚುಚ್ಚಿರೋದು ಮನೆ ಕರೆಂಟಿಗೇ ಅಲ್ವಾ, ಸಿಡಿಲು ಆ ದಾರೀಲಿ ಬಂತು. ಎರಡು ದಿನ ಬಿಟ್ಟು ಕಂಪನಿಯ ಹುಡುಗ ಬಂದು ಹೊಸ ಬಾಕ್ಸ್ ಹಾಕಿ, ಹಳೇ ವೈಫೈ ಹೆಸರು ಪಾಸ್‌ವರ್ಡೇ ಇಟ್ಟು, ಮೊಬೈಲಲ್ಲಿ ಬರ್ತಿದೆ ನೋಡಿ ಅಂತ ತೋರಿಸಿ ಹೋದ. ಅಮ್ಮನ ಮೊಬೈಲಲ್ಲಿ ಬಂತು, ಟಿವೀಲೂ ಬಂತು. ಅಪ್ಪಯ್ಯನ ಕಂಪ್ಯೂಟರಲ್ಲಿ ಮಾತ್ರ ಬರ್ಲಿಲ್ಲ.

ಅಪ್ಪಯ್ಯ ಹೈಸ್ಕೂಲ್ ಮೇಷ್ಟ್ರಾಗಿದ್ದವರು, ಈಗ ರಿಟೈರ್ ಆಗಿದಾರೆ. ನಮ್ಮನೆ ಆ ಕಂಪ್ಯೂಟರ್ ಬರೀ ನಮ್ಮನೇದಲ್ಲ. ಸುತ್ತಮುತ್ತ ಮನೆಯವರು ಭೂಮಿ ವೆಬ್‌ಸೈಟ್‌ನಿಂದ ಪಹಣಿ ತೆಗೆಸ್ಕೊಳೋಕೆ, ಮಕ್ಕಳ ಹಾಲ್ ಟಿಕೆಟ್ ಪ್ರಿಂಟ್ ಮಾಡಿಸೋಕೆ, ಅರ್ಜಿ ತುಂಬಿಸೋಕೆ ಅಪ್ಪಯ್ಯನ ಹತ್ರ ಬರ್ತಾರೆ, ಇಲ್ದಿದ್ರೆ ಬಸ್ ಕಾದು ಪೇಟೆಗೆ ಹೋಗ್ಬೇಕು, ಒಂದು ಹಾಳೆಗೆ ಅರ್ಧ ದಿನ. ಹಾಗಾಗಿ ಆ ಕಂಪ್ಯೂಟರ್ ನಿಂತ್ರೆ ನಾಲ್ಕು ಮನೆ ಕೆಲಸ ನಿಲ್ಲತ್ತೆ. ನಾನು ಬೆಂಗಳೂರಲ್ಲಿದೀನಿ, ಆಫೀಸು ಮುಗಿಸಿ ಫೋನ್ ಹಿಡ್ಕೊಂಡು ಕೂತೆ.

ಮೊಬೈಲಲ್ಲಿ ನೆಟ್ ಬರ್ತಿದೆ ಅಂದ್ಮೇಲೆ ಲೈನ್ ಸರಿ ಇದೆ, ಬಾಕ್ಸೂ ಸರಿ ಇದೆ, ಬಾಕ್ಸಿಂದ ಕಂಪ್ಯೂಟರ್‌ವರೆಗಿನ ಐದಡಿ ಒಳಗೇ ಏನೋ ಆಗಿದೆ ಅಂತ ಗೊತ್ತಾಯ್ತು. ಕೇಬಲ್ ಚುಚ್ಚೋ ಜಾಗದಲ್ಲಿ ಹಸಿರು ದೀಪ ಮಿಣುಕ್ತಿದ್ಯಾ ಅಂತ ಕೇಳ್ದೆ, ಮಿಣುಕ್ತಿದೆ ಅಂದ್ರು. ಹಾಗಾದ್ರೆ ವಿಂಡೋಸ್ ಕೀ ಹಿಡ್ಕೊಂಡು ಆರ್ ಒತ್ತಿ, ಸಿ ಎಂ ಡಿ ಅಂತ ಬರೆದು ಎಂಟರ್ ಒತ್ತಿ ಅಂದೆ.

"ಕಪ್ಪು ಕಿಟಕಿ ಬಂತು."

"ಅದರಲ್ಲಿ ಐ ಪಿ ಸಿ ಓ ಎನ್ ಎಫ್ ಐ ಜಿ ಬರೀರಿ ಅಪ್ಪಯ್ಯ, ಮಧ್ಯ ಜಾಗ ಬಿಡ್ಬೇಡಿ."

ಮೇಷ್ಟ್ರಲ್ವಾ, ಒಂದೊಂದೇ ಸಾಲು ತಪ್ಪಿಲ್ದೆ ಓದಿದ್ರು. ಐಪಿವಿ4 ಅಡ್ರೆಸ್ 192.168.0.50. ಸಬ್‌ನೆಟ್ ಮಾಸ್ಕ್ 255.255.255.0. ಡಿಫಾಲ್ಟ್ ಗೇಟ್‌ವೇ 192.168.0.1. ಆಮೇಲೆ ಅಮ್ಮನ ಮೊಬೈಲ್ ತಗೊಂಡು ಸೆಟ್ಟಿಂಗ್ಸಲ್ಲಿ ವೈಫೈ ಹೆಸರಿನ ಮೇಲೆ ಒತ್ತಿ, ಕೆಳಗೆ ಗೇಟ್‌ವೇ ಅಂತ ಇರತ್ತೆ ಅದನ್ನೂ ಓದಿ ಅಂದೆ. 192.168.1.1 ಅಂದ್ರು. ಸೊನ್ನೆ ಇರೋ ಜಾಗದಲ್ಲಿ ಒಂದು. ಅಷ್ಟೇ ವ್ಯತ್ಯಾಸ, ಕಂಪ್ಯೂಟರ್ ಎರಡು ದಿನದಿಂದ ಸುಮ್ನೆ ಕೂತಿದ್ದು ಅದಕ್ಕೇನೇ.

ಇದನ್ನ ಅಪ್ಪಯ್ಯನಿಗೆ ಹೇಳಿದ್ದು ಪೋಸ್ಟ್ ಲೆಕ್ಕದಲ್ಲಿ, ಇಲ್ಲೂ ಹಾಗೇ ಹೇಳ್ತೀನಿ. ನಮ್ಮ ಕಡೆ ಪಿನ್‌ಕೋಡ್ 577 ಅಂತ ಶುರುವಾಗತ್ತೆ, ಮೊದಲ ಅಂಕಿಗಳು ಕಾಗದ ಯಾವ ಸೀಮೆಗೆ ಹೋಗ್ಬೇಕು ಅಂತ ಹೇಳ್ತವೆ, ಮನೆ ಯಾವ್ದು ಅನ್ನೋದು ಆಮೇಲಿನ ಮಾತು. ಐಪಿ ಅಡ್ರೆಸ್ ಅಂದ್ರೆ ನೆಟ್ಟಲ್ಲಿ ಒಂದೊಂದು ಯಂತ್ರಕ್ಕಿರೋ ನಂಬರು, ಅದರಲ್ಲೂ ಊರು ಮತ್ತೆ ಮನೆ ಒಂದೇ ನಂಬರಲ್ಲಿ ಸೇರ್ಕೊಂಡಿರ್ತವೆ, ಎಲ್ಲಿವರೆಗೆ ಊರು ಎಲ್ಲಿಂದ ಮನೆ ಅಂತ ಗೆರೆ ಎಳೆಯೋದೇ ಸಬ್‌ನೆಟ್ ಮಾಸ್ಕ್. 255.255.255.0 ಅಂದ್ರೆ ಮೊದಲ ಮೂರು ತುಂಡು ಊರು, ಕೊನೇದು ಮನೆ ನಂಬರು. ಊರಿಗೆ 1ರಿಂದ 254ರವರೆಗೆ ಮನೆ, 0 ಊರಿನ ಹೆಸರಿಗೇ ಹೋಯ್ತು, 255 ಅಂದ್ರೆ ಊರಿಗೆಲ್ಲ ಡಂಗುರ ಸಾರೋ ನಂಬರು. ಕಾಗದ ನಮ್ಮೂರಿನ ಮನೆಗೇ ಆದ್ರೆ ಕಂಪ್ಯೂಟರ್ ತಾನೇ ಹೋಗಿ ಕೊಟ್ಟು ಬರತ್ತೆ, ಬೇರೆ ಊರಿಗೆ ಆದ್ರೆ ಪೋಸ್ಟ್ ಆಫೀಸಿಗೆ ಕೊಡತ್ತೆ, ಆ ಪೋಸ್ಟ್ ಆಫೀಸೇ ಗೇಟ್‌ವೇ, ಅಂದ್ರೆ ಫೈಬರ್ ಬಾಕ್ಸು. ಹಳೇ ಬಾಕ್ಸು 192.168.0.1 ಅಂತ ಕೂತಿತ್ತು, ಹೊಸದು 192.168.1.1 ಅಂತ ಕೂತಿದೆ. ನಮ್ಮ ಕಂಪ್ಯೂಟರಿಗೆ ಅದು ಗೊತ್ತಿಲ್ಲ, ಅದು ಹಳೇ ಊರಲ್ಲೇ ಇದೀನಿ ಅಂದ್ಕೊಂಡು, ಇಲ್ಲದೇ ಇರೋ ಪೋಸ್ಟ್ ಆಫೀಸನ್ನ ಕೂಗ್ತಾ ಇತ್ತು. ತಂತಿ ಸರಿ ಇದ್ರೂ ದೀಪ ಉರೀತಿದ್ರೂ ಉತ್ತರ ಕೊಡೋರಿಲ್ಲ.

"ಅದಕ್ಕೆ ಮೊದಲೇ ಯಾಕೆ ಗೊತ್ತಾಗಲ್ಲ, ಮೊಬೈಲಿಗೆ ಗೊತ್ತಾಯ್ತಲ್ಲ" ಅಂತ ಅಪ್ಪಯ್ಯ ಕೇಳಿದ್ರು. ಒಳ್ಳೇ ಪ್ರಶ್ನೆ. ಮೊಬೈಲು ವೈಫೈ ಸೇರೋವಾಗ್ಲೇ ಬಾಕ್ಸನ್ನ ಕೇಳತ್ತೆ, ನನಗೆ ಯಾವ ನಂಬರು ಅಂತ, ಬಾಕ್ಸು ನಂಬರು, ಮಾಸ್ಕು, ಗೇಟ್‌ವೇ, ಡಿಎನ್‌ಎಸ್ (ವೆಬ್‌ಸೈಟಿನ ಹೆಸರನ್ನ ನಂಬರಾಗಿ ಮಾಡಿ ಕೊಡೋರು) ನಾಲ್ಕೂ ಹೇಳಿ ಕೊಡತ್ತೆ. ಇದಕ್ಕೆ ಡಿಎಚ್‌ಸಿಪಿ ಅಂತಾರೆ. ಅಪ್ಪಯ್ಯನ ಕಂಪ್ಯೂಟರ್ ಕೇಳೋದೇ ಇಲ್ಲ, ಯಾಕಂದ್ರೆ ಎರಡು ವರ್ಷದ ಹಿಂದೆ ನಾನೇ ಅದಕ್ಕೆ ಕೈಯಾರೆ ನಂಬರು ಬರೆದು ಕೊಟ್ಟು ಬಂದಿದ್ದೆ.

ಅವತ್ತು ಫೋನಲ್ಲೇ ಅದನ್ನ ಆಟೋಮ್ಯಾಟಿಕ್ ಮಾಡಿಸ್ದೆ. ಮತ್ತೆ ವಿಂಡೋಸ್ ಆರ್ ಒತ್ತಿ, ಎನ್ ಸಿ ಪಿ ಎ ಡಾಟ್ ಸಿ ಪಿ ಎಲ್ ಅಂತ ಬರೀರಿ. ವಿಂಡೋಸ್ 10, 11 ಎರಡರಲ್ಲೂ ಸೆಟ್ಟಿಂಗ್ಸ್ ಪುಟ ಎಷ್ಟೇ ಬದಲಾದ್ರೂ ಈ ಹಳೇ ಕಿಟಕಿ ಇನ್ನೂ ಇದೆ, ಫೋನಲ್ಲಿ ಹೇಳಿ ಮಾಡಿಸೋರಿಗೆ ಇದೇ ವಾಸಿ, ಎಲ್ಲಾ ಕಡೆ ಒಂದೇ ಥರ ಕಾಣತ್ತೆ. ಅದರಲ್ಲಿ ಈಥರ್ನೆಟ್ ಮೇಲೆ ರೈಟ್ ಕ್ಲಿಕ್, ಪ್ರಾಪರ್ಟೀಸ್, ಒಳಗೆ ಉದ್ದ ಪಟ್ಟಿ, ಅದರಲ್ಲಿ ಇಂಟರ್ನೆಟ್ ಪ್ರೋಟೋಕಾಲ್ ವರ್ಷನ್ 4. ಇಲ್ಲಿ ಒಂದು ಮಾತು, ಆ ಸಾಲಿನ ಎಡಕ್ಕೆ ಟಿಕ್ ಇರತ್ತೆ, ಅದನ್ನ ಮುಟ್ಟಬಾರದು, ಹೆಸರಿನ ಮೇಲೆ ಎರಡು ಸಲ ಕ್ಲಿಕ್ ಮಾಡ್ಬೇಕು. ಟಿಕ್ ಹೋದ್ರೆ ಐಪಿವಿ4 ಪೂರ್ತಿ ಬಂದ್ ಆಗತ್ತೆ, ಆಮೇಲೆ ಒಂದರ ಬದಲು ಎರಡು ತೊಂದರೆ. ಒಳಗಿನ ಕಿಟಕೀಲಿ ಮೇಲ್ಗಡೆ ಅಬ್ಟೇನ್ ಆನ್ ಐಪಿ ಅಡ್ರೆಸ್ ಆಟೋಮ್ಯಾಟಿಕಲಿ ಅಂತ ಗುಂಡಿ. ಅದನ್ನ ಒತ್ತಿ, ಓಕೆ ಕೊಟ್ಟು, ಹಿಂದಿನ ಕಿಟಕಿಗೂ ಓಕೆ ಕೊಡ್ಬೇಕು, ಹಿಂದಿನದು ಮುಚ್ಚೋತನಕ ಸೆಟ್ಟಿಂಗು ಜಾರಿಗೆ ಬರಲ್ಲ. ತುಂಬಾ ಜನ ಒಂದು ಓಕೆ ಕೊಟ್ಟು ಬರ್ಲಿಲ್ಲ ಬರ್ಲಿಲ್ಲ ಅಂತ ಕಾಯ್ತಾರೆ.

"ಬಂತು ಮಾರಾಯ್ತಿ" ಅಂದ್ರು. 192.168.1.7 ಸಿಕ್ಕಿತ್ತು. ಆದ್ರೆ ಪ್ರಿಂಟರ್ ಬರ್ಲಿಲ್ಲ, ಅದಕ್ಕೂ ನಾನೇ ಅವತ್ತು 192.168.0.60 ಅಂತ ಬರೆದು ಬಂದಿದ್ದೆ. ಅದರ ಸಣ್ಣ ಪರದೆ ಮೇಲೆ ಬಾಣದ ಗುಂಡಿ ಒತ್ತಿ ಒತ್ತಿ ಮೆನು ಹುಡುಕೋದನ್ನ ಫೋನಲ್ಲಿ ಹೇಳಿ ಮಾಡಿಸೋದು ಬೇಡ ಅನ್ನಿಸ್ತು. ಶುಕ್ರವಾರ ರಾತ್ರಿ ಬಸ್ ಹತ್ತಿದೆ.

ಎರಡು ವರ್ಷದ ಹಿಂದೆ ಕೈಯಾರೆ ಯಾಕೆ ಬರೆದೆ ಅಂತ ಹೇಳ್ಬೇಕು, ಅದಕ್ಕೆ ಕಾರಣ ಇತ್ತು. ಡಿಎಚ್‌ಸಿಪಿ ಕೊಡೋ ನಂಬರು ಲಾಡ್ಜಿನ ರೂಮಿದ್ದ ಹಾಗೆ. ಇಷ್ಟು ಹೊತ್ತಿಗೆ ಅಂತ ಬೀಗದ ಕೈ ಕೊಡ್ತಾರೆ, ಆ ಅವಧಿಗೆ ಲೀಸ್ ಅಂತ ಹೆಸರು, ಅರ್ಧ ಅವಧಿ ಕಳೆಯೋ ಹೊತ್ತಿಗೇ ಕಂಪ್ಯೂಟರ್ ಹೋಗಿ ಇನ್ನೂ ಇರ್ತೀನಿ ಅಂತ ಹೇಳಿ ಮುಂದುವರಿಸ್ಕೊಳತ್ತೆ. ಯಾರೂ ಎಬ್ಬಿಸದೇ ಇದ್ರೆ ಅದೇ ರೂಮಲ್ಲಿ ತಿಂಗಳುಗಟ್ಲೆ ಇರ್ಬಹುದು. ಆದ್ರೆ ನಮ್ಮೂರಲ್ಲಿ ಮಳೆಗಾಲದಲ್ಲಿ ಕರೆಂಟು ದಿನಕ್ಕೆ ಎಷ್ಟು ಸಲ ಹೋಗತ್ತೆ ಅಂತ ಲೆಕ್ಕ ಇಡೋರಿಲ್ಲ, ಕರೆಂಟು ಹೋಗಿ ಬಂದಾಗ ಆ ಹಳೇ ಬಾಕ್ಸು ಯಾರಿಗೆ ಯಾವ ರೂಮು ಕೊಟ್ಟಿದ್ದೆ ಅನ್ನೋದನ್ನ ಮರೆತುಬಿಡ್ತಿತ್ತು. ಪ್ರಿಂಟರ್ ಬೆಳಿಗ್ಗೆ 4ನೇ ನಂಬರಲ್ಲಿದ್ರೆ ಸಂಜೆ 6ನೇ ನಂಬರಲ್ಲಿ. ಕಂಪ್ಯೂಟರ್ ಪ್ರಿಂಟರನ್ನ ನಂಬರಿಂದ ಗುರುತಿಟ್ಕೊಂಡಿತ್ತು, ಹಾಗಾಗಿ ಪ್ರಿಂಟರ್ ಆಫ್‌ಲೈನ್ ಅಂತ ತೋರಿಸ್ತಿತ್ತು, ಪಕ್ಕದಲ್ಲೇ ಪ್ರಿಂಟರ್ ದೀಪ ಹಚ್ಕೊಂಡು ಕೂತಿರ್ತಿತ್ತು. ಅಪ್ಪಯ್ಯ ಪ್ರಿಂಟರ್ ಕಿತ್ತು ಮತ್ತೆ ಸೇರಿಸೋದನ್ನ ಕಲಿತಿದ್ರು, ವಾರಕ್ಕೆ ಎರಡು ಸಲ. ಅದನ್ನ ನೋಡೋಕಾಗ್ದೆ ಪ್ರಿಂಟರಿಗೊಂದು, ಕಂಪ್ಯೂಟರಿಗೊಂದು ಖಾಯಂ ನಂಬರು ಬರೆದೆ. ಕಂಪ್ಯೂಟರಿಗೆ ಯಾಕೆ ಅಂದ್ರೆ, ಸ್ಕ್ಯಾನ್ ಮಾಡಿದ್ದನ್ನ ಇಡೋ ಫೋಲ್ಡರನ್ನ ತಮ್ಮನ ಲ್ಯಾಪ್‌ಟಾಪ್‌ನಿಂದ ತೆಗೆಯೋಕೆ ಅದರ ನಂಬರು ನಿಂತಲ್ಲೇ ನಿಲ್ಲಬೇಕಿತ್ತು.

ಮೊದಲ ಸಲ ಬರೆದಿದ್ದು 50 ಅಲ್ಲ, 5. ಖಾಲಿ ಇದೆ ಅಂತ ಬರೆದೆ. ಅವತ್ತು ಖಾಲಿ ಇತ್ತು ನಿಜ, ಆದ್ರೆ ಬಾಕ್ಸಿಗೆ ನಾನು ಹಾಗೆ ಬರೆದಿದ್ದು ಗೊತ್ತಿಲ್ಲ, ಒಂದಿನ ಕಂಪ್ಯೂಟರ್ ಆಫ್ ಇದ್ದಾಗ ಆ 5ನ್ನ ಅಮ್ಮನ ಮೊಬೈಲಿಗೆ ಕೊಡ್ತು. ಅಪ್ಪಯ್ಯ ಕಂಪ್ಯೂಟರ್ ಆನ್ ಮಾಡಿದಾಗ ಐಪಿ ಅಡ್ರೆಸ್ ಕಾನ್ಫ್ಲಿಕ್ಟ್ ಅಂತ ಬಂತು. ವಿಂಡೋಸ್ ನಂಬರು ಹಾಕ್ಕೊಳೋ ಮುಂಚೆ ಈ ನಂಬರಲ್ಲಿ ಯಾರಾದ್ರೂ ಇದೀರಾ ಅಂತ ಒಂದು ಸಲ ಕೂಗಿ ನೋಡತ್ತೆ, ಯಾರಾದ್ರೂ ಓ ಅಂದ್ರೆ ಆ ನಂಬರು ಬಿಟ್ಟು 169.254 ಅಂತ ಶುರುವಾಗೋ ನಂಬರು ಹಾಕ್ಕೊಂಡು ಕೂರತ್ತೆ. ಈ 169.254ನ್ನ ನೆನಪಿಟ್ಕೊಳಿ. ಬಾಕ್ಸು ಉತ್ತರ ಕೊಡದೇ ಇದ್ದಾಗಲೂ ಇದೇ ಬರತ್ತೆ. ನಿಮ್ಮ ಕಂಪ್ಯೂಟರಲ್ಲಿ ಇದು ಕಂಡ್ರೆ ಪಾಸ್‌ವರ್ಡು, ವೈರಸ್ಸು, ವಿಂಡೋಸ್ ರೀಇನ್ಸ್ಟಾಲ್ ಅಂತ ಹೋಗ್ಬೇಡಿ, ಕೇಬಲ್ಲು, ಬಾಕ್ಸು, ನಂಬರ್ ಕಾನ್ಫ್ಲಿಕ್ಟು ಈ ಮೂರು ನೋಡಿ ಸಾಕು.

ಈ ಸಲ ಊರಿಗೆ ಹೋದಾಗ ಬೇರೆ ದಾರಿ ಹಿಡಿದೆ. ನಂಬರನ್ನ ಕಂಪ್ಯೂಟರಲ್ಲಿ ಬರೆಯೋದು ಬಿಟ್ಟು ಬಾಕ್ಸಲ್ಲೇ ಬರೆಯೋದು. ಶನಿವಾರ ತಿಂಡಿ ಮುಗಿಸಿ ಬ್ರೌಸರಲ್ಲಿ 192.168.1.1 ಹೊಡೆದು ಬಾಕ್ಸಿನ ಪುಟಕ್ಕೆ ಹೋದೆ, ಪಾಸ್‌ವರ್ಡ್ ಬಾಕ್ಸಿನ ಅಡಿಯಲ್ಲಿ ಚೀಟಿ ಮೇಲೆ ಇತ್ತು, ಒಳಗೆ ಹೋದ ತಕ್ಷಣ ಅದನ್ನ ಬದಲಾಯಿಸ್ದೆ. ಲ್ಯಾನ್ ಸೆಟ್ಟಿಂಗ್ಸಲ್ಲಿ ಡಿಎಚ್‌ಸಿಪಿ 2ರಿಂದ 254ರವರೆಗೆ ಎಲ್ಲಾ ರೂಮನ್ನೂ ಬಾಡಿಗೆಗೆ ಇಟ್ಟಿತ್ತು. ಅದನ್ನ 100ರಿಂದ 200 ಅಂತ ಮಾಡ್ದೆ, ನಮ್ಮನೇಲಿ ಎಲ್ಲಾ ಸೇರಿ ಹತ್ತು ಸಾಮಾನೂ ಇಲ್ಲ, ನೂರು ರೂಮು ಧಾರಾಳ. ಆಮೇಲೆ ರಿಸರ್ವೇಶನ್. ಒಂದೊಂದು ಬಾಕ್ಸಲ್ಲಿ ಒಂದೊಂದು ಹೆಸರಿರತ್ತೆ, ಅಡ್ರೆಸ್ ರಿಸರ್ವೇಶನ್, ಸ್ಟ್ಯಾಟಿಕ್ ಡಿಎಚ್‌ಸಿಪಿ, ಐಪಿ ಮ್ಯಾಕ್ ಬೈಂಡಿಂಗ್, ಎಲ್ಲಾ ಒಂದೇ. ಪ್ರಿಂಟರಿನ ಮ್ಯಾಕ್ ಅಡ್ರೆಸ್ ಬರೆದು ಇದು ಬಂದ್ರೆ 60 ಕೊಡು, ಕಂಪ್ಯೂಟರಿನದ್ದು ಬರೆದು ಇದಕ್ಕೆ 50 ಕೊಡು ಅಂತ ಹೇಳಿಟ್ಟೆ. ಮ್ಯಾಕ್ ಅಂದ್ರೆ ಆ ಯಂತ್ರಕ್ಕೆ ಕಾರ್ಖಾನೇಲೇ ಹಚ್ಚಿದ ಹನ್ನೆರಡು ಅಕ್ಷರದ ಗುರುತು, ಅದರಲ್ಲಿ ಮೊದಲರ್ಧ ತಯಾರು ಮಾಡಿದ ಕಂಪನೀದು. ಪ್ರಿಂಟರಲ್ಲಿ ಅದು ಹಿಂದಿನ ಚೀಟಿ ಮೇಲೋ, ನೆಟ್‌ವರ್ಕ್ ರಿಪೋರ್ಟ್ ಪ್ರಿಂಟ್ ತೆಗೆದ್ರೆ ಅದರಲ್ಲೋ ಸಿಗತ್ತೆ. ಕಂಪ್ಯೂಟರಲ್ಲಿ ಐಪಿಕಾನ್ಫಿಗ್ ಬರೆದು ಒಂದು ಜಾಗ ಬಿಟ್ಟು ಸ್ಲ್ಯಾಶ್ ಆಲ್ ಅಂತ ಕೊಟ್ರೆ ಫಿಸಿಕಲ್ ಅಡ್ರೆಸ್ ಅಂತ ಬರತ್ತೆ. ಅಲ್ಲಿ ಈಥರ್ನೆಟ್ಟಿಗೊಂದು ವೈಫೈಗೊಂದು ಬೇರೆ ಬೇರೆ ಇರತ್ತೆ, ನೀವು ಯಾವುದರಲ್ಲಿ ಸೇರ್ಕೊಂಡಿದೀರೋ ಅದನ್ನೇ ಬರೀಬೇಕು.

ಇದರಲ್ಲಿ ನನಗೆ ಇಷ್ಟ ಆಗಿದ್ದು ಏನಂದ್ರೆ, ಕಂಪ್ಯೂಟರು ಪ್ರಿಂಟರು ಎರಡೂ ಆಟೋಮ್ಯಾಟಿಕ್ಕಲ್ಲೇ ಇರ್ತವೆ, ಕೇಳ್ತವೆ, ಬಾಕ್ಸು ಪ್ರತೀ ಸಲ ಅದೇ ನಂಬರು ಕೊಡತ್ತೆ. ನಾಳೆ ಮತ್ತೆ ಸಿಡಿಲು ಬಂದು ಬಾಕ್ಸ್ ಹೋಯ್ತು ಅಂತಿಟ್ಕೊಳಿ, ರಿಸರ್ವೇಶನ್ನೂ ಅದರ ಜೊತೆ ಹೋಗತ್ತೆ, ಆದ್ರೆ ಹೊಸ ಬಾಕ್ಸು ಯಾವ ಊರಿನದ್ದೇ ಆಗಿರ್ಲಿ ಕಂಪ್ಯೂಟರ್ ಅದನ್ನೇ ಕೇಳಿ ನಂಬರು ತಗೊಳತ್ತೆ, ನೆಟ್ಟಂತೂ ನಿಲ್ಲಲ್ಲ. ಹೆಚ್ಚೆಂದ್ರೆ ಪ್ರಿಂಟರ್ ನಂಬರೊಂದು ಹೊಸದಾಗಿ ಕೊಡ್ಬೇಕಾಗತ್ತೆ. ಮನೇಲಿ ಇಂಥದ್ದನ್ನ ಸರಿ ಮಾಡೋರು ದೂರ ಇದ್ರೆ ಇದು ಸಣ್ಣ ವಿಷಯ ಅಲ್ಲ. ಕೆಲವು ಕಂಪನಿಗಳ ಬಾಕ್ಸಲ್ಲಿ ಈ ಪುಟಕ್ಕೆ ಬೀಗ ಹಾಕಿರ್ತಾರೆ, ರಿಸರ್ವೇಶನ್ ಮಾಡೋಕೆ ಬಿಡಲ್ಲ, ಅಂಥ ಕಡೆ ಕೈಯಾರೆ ಬರೆಯೋದೇ ಗತಿ, ಆವಾಗ ಬಾಡಿಗೆ ರೂಮುಗಳ ಪಟ್ಟಿಯಿಂದ ಆಚೆ ಇರೋ ನಂಬರನ್ನ ಆರಿಸ್ಕೊಳಿ, ಅದೂ ಆಗ್ಲಿಲ್ಲ ಅಂದ್ರೆ ಪಟ್ಟಿಯ ಕೊನೇ ತುದಿಯಿಂದ, 240ರ ಮೇಲಿನದ್ದು ಯಾವ್ದಾದ್ರೂ.

ಕೈಯಾರೆ ಬರೆಯೋರಿಗೆ ಇನ್ನೊಂದು ಮಾತು. ವಿಂಡೋಸ್ 10ರ ಸೆಟ್ಟಿಂಗ್ಸ್ ಪುಟದಲ್ಲಿ ಮಾಸ್ಕ್ ಕೇಳೋ ಜಾಗದಲ್ಲಿ ಸಬ್‌ನೆಟ್ ಪ್ರಿಫಿಕ್ಸ್ ಲೆಂತ್ ಅಂತ ಇರತ್ತೆ, ಅಲ್ಲಿ 255.255.255.0 ಬರೆದ್ರೆ ಸೇವ್ ಆಗಲ್ಲ ಅಂತ ಹೇಳತ್ತೆ, ಏನು ತಪ್ಪು ಅಂತ ಹೇಳಲ್ಲ. ಅಲ್ಲಿ ಬರೀಬೇಕಾಗಿದ್ದು ಬರೀ 24. ಐಪಿ ಅಡ್ರೆಸ್ಸಲ್ಲಿ ಒಟ್ಟು 32 ಬಿಟ್, ಅಂದ್ರೆ ಸೊನ್ನೆ ಅಥವಾ ಒಂದು ಅನ್ನೋ ಅಂಕಿಗಳು, ಇರ್ತವೆ, ಅದರಲ್ಲಿ ಊರಿನ ಪಾಲು 24, ಅದನ್ನೇ ಕೇಳ್ತಿರೋದು. ಈ ಒಂದು ಜಾಗದಲ್ಲಿ ಎಷ್ಟು ಜನ ಕೈ ಚೆಲ್ಲಿದಾರೋ. ವಿಂಡೋಸ್ 11ರಲ್ಲಿ ಮತ್ತೆ ಸಬ್‌ನೆಟ್ ಮಾಸ್ಕ್ ಅಂತಾನೇ ಮಾಡಿದಾರೆ. ತಮ್ಮನ ಲ್ಯಾಪ್‌ಟಾಪಲ್ಲಿ ವಿಂಡೋಸ್ ಬದಲು ಉಬುಂಟು ಇದೆ, ಅದರಲ್ಲಿ ನೆಟ್‌ವರ್ಕ್ ಸೆಟ್ಟಿಂಗ್ಸ್ ಪಕ್ಕದ ಚಕ್ರ ಒತ್ತಿ ಐಪಿವಿ4 ಪುಟಕ್ಕೆ ಹೋದ್ರೆ ಆಟೋಮ್ಯಾಟಿಕ್, ಮ್ಯಾನ್ಯುಯಲ್ ಎರಡೂ ಸಿಗತ್ತೆ, ಅಪ್ಲೈ ಒತ್ತಿದ ಮೇಲೆ ಕನೆಕ್ಷನ್ ಒಂದು ಸಲ ಆಫ್ ಮಾಡಿ ಆನ್ ಮಾಡ್ಬೇಕು.

ಮೊಬೈಲಿಗೆ ರಿಸರ್ವೇಶನ್ ಮಾಡೋಕೆ ಹೊರಟ್ರೆ ಸ್ವಲ್ಪ ನೋಡ್ಕೊಂಡು ಮಾಡಿ. ಆಂಡ್ರಾಯ್ಡ್ 10 ಬಂದಾಗಿಂದ, ಐಫೋನಲ್ಲಿ ಐಓಎಸ್ 14ರಿಂದ, ಮೊಬೈಲು ತನ್ನ ನಿಜವಾದ ಮ್ಯಾಕ್ ಹೇಳದೇ ಒಂದೊಂದು ವೈಫೈಗೆ ಒಂದೊಂದು ಸುಳ್ಳು ಮ್ಯಾಕ್ ಹೇಳತ್ತೆ. ಅಂಗಡಿ, ಸ್ಟೇಷನ್ನು ಅಂತ ಹೋದಲ್ಲೆಲ್ಲ ನಮ್ಮನ್ನ ಹಿಂಬಾಲಿಸಬಾರದು ಅಂತ ಮಾಡಿರೋದು, ಒಳ್ಳೇದೇ, ಹಾಗಾಗಿ ಅಮ್ಮನ ಮೊಬೈಲನ್ನ ನಾನು ಮುಟ್ಟಲಿಲ್ಲ.

ಡಿಎನ್‌ಎಸ್ ವಿಷಯ. ಅಪ್ಪಯ್ಯ ಯಾವಾಗ್ಲೂ ಹೇಳೋ ದೂರು ಅದು, ವಾಟ್ಸಾಪ್ ಬರತ್ತೆ, ವೆಬ್‌ಸೈಟ್ ಬರಲ್ಲ ಅಂತ. ಇಂಥ ಸಮಯದಲ್ಲಿ ಮೂರು ಸಲ ಪಿಂಗ್ ಮಾಡಿ, ಅಂದ್ರೆ ಆ ಕಡೆ ಯಾರಾದ್ರೂ ಇದೀರಾ ಅಂತ ಕೂಗಿ ನೋಡ್ತೀನಿ. ಮೊದಲು ಗೇಟ್‌ವೇಗೆ, ಅದು ಉತ್ತರ ಕೊಟ್ರೆ ಬಾಕ್ಸ್‌ವರೆಗೆ ಸರಿ ಇದೆ. ಆಮೇಲೆ ಗೂಗಲ್‌ನ 8.8.8.8ಗೆ, ಅದು ಕೊಟ್ರೆ ಹೊರಗಿನ ಲೈನೂ ಸರಿ ಇದೆ. ಕೊನೆಗೆ ಯಾವ್ದಾದ್ರೂ ವೆಬ್‌ಸೈಟಿನ ಹೆಸರಿಗೆ. ಮೊದಲೆರಡು ಬಂದು ಮೂರನೇದು ಬರ್ಲಿಲ್ಲ ಅಂದ್ರೆ ಹೆಸರನ್ನ ನಂಬರಾಗಿ ಮಾಡಿ ಕೊಡೋರು, ಅಂದ್ರೆ ಡಿಎನ್‌ಎಸ್, ಮಲಗಿದಾರೆ ಅಂತ ಅರ್ಥ. ಐಪಿಯನ್ನ ಆಟೋಮ್ಯಾಟಿಕ್ ಬಿಟ್ಟು ಡಿಎನ್‌ಎಸ್ ಮಾತ್ರ ಬೇರೆ ಬರೀಬಹುದು, ಆ ಕಿಟಕೀಲಿ ಎರಡಕ್ಕೂ ಬೇರೆ ಬೇರೆ ಗುಂಡಿ ಇದೆ. ನಾನು ಮೊದಲನೇದು 1.1.1.1, ಎರಡನೇದು 8.8.8.8 ಹಾಕಿದೀನಿ, ಮೊದಲನೇದು ಕ್ಲೌಡ್‌ಫ್ಲೇರ್ 2018ರಲ್ಲಿ ಶುರು ಮಾಡಿದ್ದು, ಎರಡನೇದು ಗೂಗಲ್ 2009ರಲ್ಲಿ. ಅಪ್ಪಯ್ಯನ ಆ ದೂರು ಆಮೇಲೆ ಕಮ್ಮಿ ಆಗಿದೆ.

ಮಧ್ಯಾಹ್ನ ಊಟ ಆದ್ಮೇಲೆ ತಮ್ಮ ಫೋನ್ ಮಾಡಿ, ಹೇಗೂ ಬಾಕ್ಸ್ ಪುಟದಲ್ಲಿದೀಯಲ್ಲ ಅಕ್ಕ, ಅಂಗಳದ ಕ್ಯಾಮೆರಾನ ನಾನು ಇಲ್ಲಿಂದ ನೋಡೋ ಹಾಗೆ ಪೋರ್ಟ್ ಫಾರ್ವರ್ಡಿಂಗ್ ಮಾಡಿ ಕೊಡು ಅಂದ. ಹೊರಗಿಂದ ಬರೋದನ್ನ ಬಾಕ್ಸು ನೇರ ಕ್ಯಾಮೆರಾಗೆ ದಾಟಿಸೋ ಸೆಟ್ಟಿಂಗ್ ಅದು. ಮಾಡಿದೆ, ಆಗ್ಲಿಲ್ಲ. ಸ್ಟೇಟಸ್ ಪುಟದಲ್ಲಿ ಬಾಕ್ಸಿನ ಹೊರಗಿನ ಐಪಿ ನೋಡಿದ್ರೆ 100.72 ಅಂತ ಶುರುವಾಗಿದೆ. 100.64ರಿಂದ 100.127ರವರೆಗೆ ಇರೋ ನಂಬರು ನಿಜವಾದ ಹೊರಗಿನ ನಂಬರಲ್ಲ, 2012ರಲ್ಲಿ ಇದನ್ನ ಇಂಟರ್ನೆಟ್ ಕಂಪನಿಗಳ ಒಳಬಳಕೆಗೆ ಅಂತಾನೇ ತೆಗೆದಿಟ್ಟಿದ್ದು. ಐಪಿವಿ4ರಲ್ಲಿ ಒಟ್ಟು ಇರೋದೇ ಸುಮಾರು 429 ಕೋಟಿ ನಂಬರು, ಇಡೀ ಪ್ರಪಂಚಕ್ಕೆ. ಮನೆ ಒಳಗೆ ಎಲ್ಲರೂ 192.168 ಅಂತ ಒಂದೇ ನಂಬರನ್ನ ಹಂಚ್ಕೊಂಡು ಬಳಸೋದು 1994ರಿಂದ ಇರೋ ಏರ್ಪಾಡು, ಅದೇ ಥರ 10ರಿಂದ ಶುರುವಾಗೋದು, 172.16ರಿಂದ 172.31ರವರೆಗಿನದ್ದು ಕೂಡ ಮನೆ ಆಫೀಸಿನ ಒಳಗಿನ ಬಳಕೆಗೆ. ಹಾಗೆ ಉಳಿಸಿದ್ರೂ ಸಾಲ್ಲಿಲ್ಲ, 2011ರ ಫೆಬ್ರವರೀಲಿ ಜಗತ್ತಿನ ದಾಸ್ತಾನಿನ ಕೊನೇ ಐದು ದೊಡ್ಡ ಕಟ್ಟುಗಳನ್ನ ಹಂಚಿ ಮುಗಿಸಿದ್ರು, ನಮ್ಮ ಏಷ್ಯಾ ಪೆಸಿಫಿಕ್ ಭಾಗಕ್ಕೆ ಅದೇ ಏಪ್ರಿಲಲ್ಲಿ ಮಾಮೂಲಿ ಹಂಚಿಕೆ ನಿಂತು ರೇಶನ್ ಶುರುವಾಯ್ತು. ಹಾಗಾಗಿ ಕಂಪನಿಯವರು ಒಂದು ನಿಜವಾದ ನಂಬರಿನ ಹಿಂದೆ ತುಂಬಾ ಮನೆಗಳನ್ನ ಕೂರಿಸ್ತಾರೆ. ಹೊರಗಿಂದ ಬರೋ ಕಾಗದ ಕಂಪನಿ ಬಾಗಿಲಲ್ಲೇ ನಿಂತ್ರೆ ನಮ್ಮ ಬಾಕ್ಸಲ್ಲಿ ಏನು ಸೆಟ್ಟಿಂಗ್ ಮಾಡಿದ್ರೂ ಪ್ರಯೋಜನ ಇಲ್ಲ. ಇದನ್ನ ಮೊದಲೇ ನೋಡ್ಕೊಂಡಿದ್ರೆ ಒಂದು ಗಂಟೆ ಉಳೀತಿತ್ತು, ನೀವು ಮೊದಲು ಅದನ್ನ ನೋಡಿ. ತಮ್ಮನಿಗೆ ಕ್ಯಾಮೆರಾ ಕಂಪನಿಯ ಆ್ಯಪಲ್ಲೇ ನೋಡು ಅಂದೆ.

ನಂಬರು ಸಾಲ್ದೇ ಇರೋ ಇದೇ ಕಾರಣಕ್ಕೆ ತುಂಬಾ ಹೆಚ್ಚು ನಂಬರಿರೋ ಐಪಿವಿ6 ಅನ್ನೋ ಹೊಸ ಏರ್ಪಾಡು ಬಂದಿರೋದು, ಅದರ ಟಿಕ್ ತೆಗೆದುಬಿಡಿ, ನೆಟ್ ಸ್ಪೀಡಾಗತ್ತೆ ಅಂತ ಯಾರಾದ್ರೂ ಹೇಳಿದ್ರೆ ಕೇಳ್ಬೇಡಿ. ಈಗ ಭಾರತದಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಐಪಿವಿ6 ಇರೋ ಲೈನಲ್ಲೇ ಇದಾರೆ, ನಮ್ಮನೇಲೂ ಬರ್ತಿದೆ, ಅದಕ್ಕೆ ಯಾವ ಸೆಟ್ಟಿಂಗೂ ಮಾಡ್ಬೇಕಿಲ್ಲ, ಇದ್ದ ಹಾಗೇ ಬಿಟ್ರೆ ಸಾಕು.

ಕೊನೆಗೆ ಪ್ರಿಂಟರ್. ಅದರ ಮೆನುವಲ್ಲಿ ನೆಟ್‌ವರ್ಕ್ ಸೆಟ್ಟಿಂಗ್ ಅಳಿಸಿ ವೈಫೈಗೆ ಹೊಸದಾಗಿ ಸೇರಿಸ್ದೆ, 60 ಬಂತು. ಕಂಪ್ಯೂಟರಲ್ಲಿ ಪ್ರಿಂಟರ್ ಪ್ರಾಪರ್ಟೀಸ್ ತೆಗೆದು ಪೋರ್ಟ್ಸ್ ಪುಟದಲ್ಲಿ ಟಿಸಿಪಿ ಐಪಿ ಪೋರ್ಟ್ ಅಂತ ಹೊಸದು ಮಾಡಿ 192.168.1.60 ಕೊಟ್ಟೆ. ಅಪ್ಪಯ್ಯನ್ನ ಕರೆದು ಮೇನ್ ಸ್ವಿಚ್ ಆಫ್ ಮಾಡಿ ಅಂದೆ. ಎರಡು ನಿಮಿಷ ಬಿಟ್ಟು ಆನ್ ಮಾಡಿದ್ರು. ಬಾಕ್ಸಿನ ದೀಪ ಒಂದೊಂದಾಗಿ ಹತ್ಕೊಂಡವು, ಕಂಪ್ಯೂಟರ್ 50, ಪ್ರಿಂಟರ್ 60. ಆಚೆಮನೆ ಅಣ್ಣಯ್ಯನ ಪಹಣಿ ನಾಲ್ಕು ದಿನದಿಂದ ಕಾಯ್ತಿತ್ತು, ಅದನ್ನೇ ಮೊದಲು ಪ್ರಿಂಟ್ ಮಾಡಿದ್ರು. ಅಪ್ಪಯ್ಯ ಅದೇ ಸಾಲಲ್ಲಿ ಇನ್ನೊಂದು ಹಾಳೆ ತಗೊಂಡು ತಮ್ಮ ಮೇಷ್ಟ್ರ ಅಕ್ಷರದಲ್ಲಿ ಬಾಕ್ಸು 1, ಕಂಪ್ಯೂಟರ್ 50, ಪ್ರಿಂಟರ್ 60, ಬಾಡಿಗೆಗೆ 100ರಿಂದ 200 ಅಂತ ಬರೆದು ಗೋಡೆ ಕಪಾಟಿನ ಬಾಗಿಲ ಒಳಗೆ ಅಂಟಿಸಿದ್ರು, ಕೆಳಗೆ ತಾರೀಖೂ ಹಾಕಿದ್ರು.

ತಮ್ಮನ ಲ್ಯಾಪ್‌ಟಾಪಲ್ಲಿ ಸ್ಕ್ಯಾನ್ ಫೋಲ್ಡರಿನ ದಾರಿ ಇನ್ನೂ ಹಳೇ 192.168.0.50 ಅಂತಾನೇ ಇದೆ. ಅದನ್ನ ಅವನು ಹಬ್ಬಕ್ಕೆ ಬಂದಾಗ ಬದಲಾಯಿಸ್ಬೇಕು. ಬಾಕ್ಸಿಗೊಂದು ಸಣ್ಣ ಯುಪಿಎಸ್ಸೂ, ಸಿಡಿಲು ತಡೆಯೋ ಪ್ಲಗ್ಗೂ ತರಿಸಿದೀನಿ, ಅದು ಬಂದು ಮುಟ್ಟೋತನಕ ಗುಡುಗು ಕೇಳಿದ್ರೆ ಟಿವಿ ಜೊತೆಗೆ ಬಾಕ್ಸಿನ ಅಡಾಪ್ಟರನ್ನೂ ಕೀಳೋದು ಅಮ್ಮನ ಜವಾಬ್ದಾರಿ ಅಂತ ಆಗಿದೆ.